ಹಸಿ ಬಕೆಟ್ಟಿನ ನಿರ್ಮಾಲ್ಯ

ಮರಳೂರು ಬಡಾವಣೆಯ ಆ ಬೀದಿಗೆ ನರಸಿಂಹಮ್ಮ ಬರುತ್ತಿದ್ದುದು ಬೆಳಗಿನ ಏಳಕ್ಕೆ. ಮೊದಲು ಸೀಟಿ ಕೇಳುತ್ತಿತ್ತು, ಆಮೇಲೆ ತಳ್ಳುಗಾಡಿಯ ಗಾಲಿಯ ಸದ್ದು. ಮದುವೆಯಾಗಿ ಹುಲಿಯೂರುದುರ್ಗದ ಕಡೆಯಿಂದ ತುಮಕೂರಿಗೆ ಬಂದವರು. ಗಂಡ ಅಡವಿಯಪ್ಪ ಗಾರೆ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ತೊಂಬತ್ತರ ದಶಕದುದ್ದಕ್ಕೂ ಬೀದಿಯ ಸಿಮೆಂಟ್ ತೊಟ್ಟಿಗಳಲ್ಲಿ ಪೇಪರು, ಹಾಲಿನ ಕವರು, ಬಾಟಲಿ ಆಯ್ದು ಗುಜರಿಗೆ ಹಾಕಿದರು. ತೊಟ್ಟಿಗೆ ಬಗ್ಗಿದವರ ಮುಖ ಯಾರಿಗೂ ಕಾಣುವುದಿಲ್ಲ. ಅಷ್ಟು ವರ್ಷವೂ ಊರಿನವರು ಅವರ ಬೆನ್ನನ್ನು ನೋಡಿದ್ದರು, ಹೆಸರು ಕೇಳಿದವರಿರಲಿಲ್ಲ.

ಎರಡು ಸಾವಿರದ ಇಸವಿಯಲ್ಲಿ ಕಸಕ್ಕೆ ಹೊಸ ಕಾನೂನು ಬಂತು. ಅದು ಮರಳೂರಿನವರೆಗೆ ಬರಲು ಐದು ವರ್ಷ ಹಿಡಿಯಿತು. ತೊಟ್ಟಿಗಳನ್ನು ಒಡೆದು ಸಾಗಿಸಿದರು. ಇನ್ನು ಮೇಲೆ ಕಸ ಮನೆಯಲ್ಲೇ ಎರಡಾಗಬೇಕು, ಹಸಿ ಮತ್ತು ಒಣ. ಸ್ವಸಹಾಯ ಸಂಘದ ಹೆಂಗಸರು ಬಾಗಿಲಿಗೇ ಹೋಗಿ ತರಬೇಕು ಎಂದರು ನಗರಸಭೆಯವರು. ಸಂಘಕ್ಕೆ ನರಸಿಂಹಮ್ಮನೂ ಸೇರಿದರು. ಛತ್ರವೊಂದರಲ್ಲಿ ಒಂದು ದಿನದ ತರಬೇತಿ ನಡೆಯಿತು. ಗೋಡೆಯ ಮೇಲೆ ದೊಡ್ಡ ಚಾರ್ಟು. ಹಸಿರು ಬಕೆಟ್ಟಿನಿಂದ ಹೊರಟ ಗೆರೆ ಒಂದು ಶೆಡ್ಡಿಗೆ, ಶೆಡ್ಡಿನಿಂದ ಗೊಬ್ಬರದ ಚೀಲಕ್ಕೆ, ಚೀಲದಿಂದ ತೆಂಗಿನ ಮರದ ಬುಡಕ್ಕೆ. ಓದು ಬರದ ನರಸಿಂಹಮ್ಮನಿಗೆ ಅದೆಲ್ಲ ಚೆನ್ನಾಗಿ ಅರ್ಥವಾಯಿತು. ಅದು ಇರುವುದರ ಚಿತ್ರವಲ್ಲ, ಮುಂದೆ ಆಗಬೇಕಾದದ್ದರ ಚಿತ್ರ ಎಂದು ಮಾತ್ರ ಯಾರೂ ಹೇಳಲಿಲ್ಲ.

ಬೀದಿಯವರು ಸುಲಭಕ್ಕೆ ಒಪ್ಪಲಿಲ್ಲ. ಬ್ರಷ್ ಬಾಯಲ್ಲಿಟ್ಟುಕೊಂಡೇ ಲಕ್ಷ್ಮೀಕಾಂತ್ ಮೇಷ್ಟ್ರು ಕೆಣಕಿದರು. "ಏನ್ ನರಸಿಂಹಮ್ಮ, ಕಸಕ್ಕೂ ಜಾತಿ ಮಾಡೋಕ್ ಬಂದ್ಬಿಟ್ಯಲ್ಲ?"

"ಕಸದಲ್ಲಿ ಎರಡೇ ಜಾತಿ ಸಾರ್. ನಿಮ್ ಜಾತಿಗಳಷ್ಟು ಕಷ್ಟ ಇಲ್ಲ ಬುಡಿ."

ಮೇಷ್ಟ್ರು ನಕ್ಕರು. ಆದರೂ ಬೆರೆಸಿದ ಕಸವನ್ನೇ ಕೊಟ್ಟರು.

ಬೀದಿಯ ಕೊನೆಯ ಮನೆಯಲ್ಲಿ ಬಸವಲಿಂಗಮ್ಮ ಇದ್ದರು. ಎಪ್ಪತ್ತು ದಾಟಿದ ಹಿರಿಯರು. ಬೀದಿಯ ಹೆಂಗಸರು ನಾಮಕರಣದಿಂದ ಗೃಹಪ್ರವೇಶದವರೆಗೆ ಎಲ್ಲಕ್ಕೂ ಅವರನ್ನೇ ಕೇಳುತ್ತಿದ್ದರು. ಮಗನ ಸಂಸಾರದೊಂದಿಗೆ ಗುಬ್ಬಿಯಿಂದ ಬಂದಿದ್ದರು. ಗುಬ್ಬಿಯ ಮನೆಗೆ ಹಿತ್ತಿಲಿತ್ತು. ದಿನವೂ ಲಿಂಗಪೂಜೆಯಾದ ಮೇಲೆ ತೆಗೆದ ಹೂವು, ಬಿಲ್ವಪತ್ರೆಯನ್ನು ಯಾರೂ ತುಳಿಯದ ಹಾಗೆ ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಇಲ್ಲಿ ಸೈಟಿನ ಅಂಚಿನವರೆಗೂ ಸಿಮೆಂಟು. ನಿರ್ಮಾಲ್ಯವನ್ನು ಮೆಟ್ಟಿಲ ಕೆಳಗೆ ಬಟ್ಟೆ ಚೀಲದಲ್ಲಿ ಕೂಡಿಟ್ಟು, ತಿಂಗಳಿಗೊಮ್ಮೆ ಬಸ್ಸಿನಲ್ಲಿ ಗುಬ್ಬಿಗೆ ಒಯ್ದು ಹಾಕಿ ಬರುತ್ತಿದ್ದರು. ಮಂಡಿನೋವು ಹೆಚ್ಚಾದ ಮೇಲೆ ಅದೂ ನಿಂತು, ಮೆಟ್ಟಿಲ ಕೆಳಗೆ ಚೀಲಗಳು ಮೂರಾದವು. ಸೊಸೆ ಅನುಪಮಾ ಮುಖ ಸಿಂಡರಿಸತೊಡಗಿದಳು.

"ಹಸಿ ಬಕೆಟ್‌ಗೆ ಕೊಡಿ ಅಮ್ಮಾವ್ರೆ," ಎಂದರು ನರಸಿಂಹಮ್ಮ. "ಗೊಬ್ಬರ ಆಗಿ ತೆಂಗಿನ ಬುಡಕ್ಕೇ ಹೋಗುತ್ತೆ."

"ತುಳಿಯೋ ಜಾಗಕ್ಕೆ ಬೀಳಲ್ಲ ತಾನೆ?"

"ಇಲ್ಲ ಕಣ್ರಮ್ಮ."

"ನೀನು ಕಣ್ಣಾರೆ ನೋಡಿದೀಯಾ?"

ನರಸಿಂಹಮ್ಮ ನೋಡಿದ್ದು ಚಾರ್ಟನ್ನು. ಆದರೆ ಆ ಗಳಿಗೆಯಲ್ಲಿ ಇಲ್ಲವೆನ್ನಲು ಬಾಯಿ ಬರಲಿಲ್ಲ. "ನೋಡಿದೀನಿ," ಎಂದರು.

ಮಾರನೆಯ ದಿನ ಬಸವಲಿಂಗಮ್ಮ ಬಾಳೆಎಲೆಯಲ್ಲಿ ಸುತ್ತಿದ ನಿರ್ಮಾಲ್ಯವನ್ನು ಕಣ್ಣಿಗೊತ್ತಿಕೊಂಡು, ಕೈಗೆ ಕೈ ತಾಗದಂತೆ ಮೇಲಿನಿಂದ ಬಕೆಟ್ಟಿಗೆ ಬಿಟ್ಟರು. ಬಸವಲಿಂಗಮ್ಮನೇ ಕೊಟ್ಟರಂತೆ ಎಂಬ ಸುದ್ದಿ ನೀರು ಹಿಡಿಯುವ ಹೊತ್ತಿಗೆ ಬೀದಿಯೆಲ್ಲ ಹರಡಿತು. ತಿಂಗಳೊಳಗೆ ನಲವತ್ತು ಮನೆಗಳೂ ಕಸ ಬೇರೆ ಮಾಡತೊಡಗಿದವು, ಮೇಷ್ಟ್ರು ಕೂಡ. ಸೂಪರ್‌ವೈಸರ್ ರಂಗರಾಜು ಬೇರೆ ಬೀದಿಯ ಹೆಂಗಸರನ್ನು ಕರೆತಂದು ತೋರಿಸಿದ. "ಕಸದೋಳು ಬಂದ್ಲು" ಎನ್ನುತ್ತಿದ್ದ ಮಕ್ಕಳು "ನರಸಿಂಹಮ್ಮ ಬಂದ್ರು" ಎನ್ನತೊಡಗಿದವು. ಆ ಮಾತು ಕಿವಿಗೆ ಬಿದ್ದ ದಿನ ಅವರು ಸೀಟಿಯನ್ನು ಒಂದು ಉಸಿರು ಹೆಚ್ಚಾಗಿಯೇ ಊದಿದರು.

ಮಾಘದ ಕೊನೆಯ ಹೊತ್ತಿಗೆ ಒಂದು ದಿನ, ಟ್ರಾಕ್ಟರಿಗೆ ಕಸ ತುಂಬಿ ಸುರಿಯುವ ಲೋಡರ್ ಕೆಲಸಕ್ಕೆ ಬರಲಿಲ್ಲ. ಗಾಡಿಯ ಕಸವನ್ನು ಬೀದಿಯ ಮೂಲೆಯಲ್ಲಿ ಟ್ರಾಕ್ಟರಿಗೆ ಒಪ್ಪಿಸುವಲ್ಲಿಗೆ ನರಸಿಂಹಮ್ಮನ ಕೆಲಸ ಮುಗಿಯುತ್ತಿತ್ತು. ಅಂದು ಡ್ರೈವರ್ ಓಬಳಯ್ಯ, "ಸುರಿಯಾಕೆ ಒಂದು ಕೈ ಬೇಕು, ಹತ್ತಿಕೊ," ಎಂದ. ಆ ಶೆಡ್ಡನ್ನು ಒಮ್ಮೆ ನೋಡಿದ ಹಾಗೂ ಆಗುತ್ತದೆ ಎಂದುಕೊಂಡು ಹತ್ತಿದರು.

ಊರಾಚೆ ಹಳೆಯ ಕಲ್ಲುಗಣಿಯೊಂದರ ಬಾಯಿಗೆ ಟ್ರಾಕ್ಟರು ನಿಂತಿತು. ಶೆಡ್ಡು ಇರಲಿಲ್ಲ. ಪ್ಲಾಸ್ಟಿಕ್ಕಿನ ಹೊಗೆ ನೆಲದ ಮೇಲೇ ಹರಿದಾಡುತ್ತಿತ್ತು. ಕೋಳಿ ಪುಕ್ಕ, ಹೋಟೆಲಿನ ಮುಸುರೆ, ರಕ್ತದ ಕಲೆಯ ಹತ್ತಿ, ಎಲ್ಲ ಒಂದೇ ರಾಶಿ. ಓಬಳಯ್ಯ ಟ್ರೈಲರ್ ಎತ್ತಿದ. ಅವರು ಬೇರೆ ಬೇರೆ ಕಟ್ಟಿ ತಂದ ಹಸಿಯೂ ಒಣವೂ ಒಟ್ಟಿಗೆ ಉರುಳಿದವು. ಬಾಳೆಎಲೆಯ ಪೊಟ್ಟಣ ಬಿಚ್ಚಿಕೊಂಡು, ಮೂರು ದಳದ ಪತ್ರೆಗಳು ಪುಕ್ಕದ ಮೇಲೆ ಹರಡಿದವು. ಟ್ರಾಕ್ಟರು ಹಿಂದೆ ಸರಿದು ತಿರುಗುವಾಗ ಗಾಲಿ ಅವುಗಳ ಮೇಲೆಯೇ ಹೋಯಿತು.

"ಗೊಬ್ಬರದ ಶೆಡ್ ಎಲ್ಲಣ್ಣ?"

"ಯಾವ ಶೆಡ್ಡು? ಅದಕ್ಕೆ ಜಾಗನೇ ಸಿಕ್ಕಿಲ್ಲ ಕಣವ್ವ. ಯಾವ ಊರಿಗೆ ಹೋದ್ರೂ ಕಲ್ಲು ಹಿಡ್ಕಂಡು ನಿಂತ್ಕತಾರೆ, ನಿಮ್ ಕಸ ನಮಗ್ಯಾಕೆ ಅಂತ. ಅವರದ್ದೂ ತಪ್ಪಲ್ಲ ಬುಡು."

"ಮತ್ತೆ ನಾನ್ಯಾಕೆ ಬ್ಯಾರೆ ಮಾಡ್ಸಿ ತರ್ಬೇಕು?"

"ರೂಲ್ಸು. ಬ್ಯಾರೆ ತರೋದು ನಿನ್ ಡ್ಯೂಟಿ. ಸುರಿಯೋದು ನನ್ ಡ್ಯೂಟಿ."

ಐದು ದಿನ ನರಸಿಂಹಮ್ಮ ಯಾರಿಗೂ ಹೇಳಲಿಲ್ಲ. ಬಸವಲಿಂಗಮ್ಮನ ಪೊಟ್ಟಣವನ್ನಷ್ಟೇ ಬುತ್ತಿಯ ಚೀಲದಲ್ಲಿಟ್ಟುಕೊಂಡು, ಕೆಲಸ ಮುಗಿದ ಮೇಲೆ ಒಂದು ಹೊಂಗೆ ಮರದ ಬುಡಕ್ಕೆ ಹಾಕಿ ಹೋದರು. ಆದರೆ ಆರನೆಯ ದಿನ ಶಿವರಾತ್ರಿಯ ಮಾರನೆಯ ಬೆಳಗು. ಮನೆಮನೆಯಿಂದಲೂ ಬುಟ್ಟಿಗಟ್ಟಲೆ ಹೂವು, ಪತ್ರೆ. ಪ್ರತಿಯೊಬ್ಬರೂ ಕಣ್ಣಿಗೊತ್ತಿಕೊಂಡೇ ಕೊಟ್ಟರು. ಬೀದಿಯ ಕೊನೆಗೆ ಬರುವಷ್ಟರಲ್ಲಿ ಬಕೆಟ್ಟು ತುಂಬಿ, ಚೆಂಡುಹೂವು ಗಾಡಿಯಿಂದ ಹೊರಚೆಲ್ಲುತ್ತಿತ್ತು. ಅಷ್ಟನ್ನು ಹೊರುವ ಚೀಲ ಅವರ ಬಳಿ ಇರಲಿಲ್ಲ.

ಬಸವಲಿಂಗಮ್ಮ ಪೊಟ್ಟಣ ಹಿಡಿದು ಬಂದರು.

"ಕೊಡಬೇಡಿ ಅಮ್ಮಾವ್ರೆ," ಎಂದರು ನರಸಿಂಹಮ್ಮ. "ನಾನು ಅವತ್ತು ನೋಡಿರ್ಲಿಲ್ಲ. ಈಗ ನೋಡ್ಕಂಡ್ ಬಂದೆ."

ಎಲ್ಲವನ್ನೂ ಹೇಳಿದರು. ಪುಕ್ಕವನ್ನೂ ಬಿಡಲಿಲ್ಲ, ಗಾಲಿಯನ್ನೂ ಬಿಡಲಿಲ್ಲ. ಮುದುಕಿ ಜಗಲಿಯ ಕಂಬ ಹಿಡಿದು ಕೇಳಿದರು.

"ಇಷ್ಟು ತಿಂಗಳೂ ಅಲ್ಲಿಗೇ ಹೋಯ್ತಾ?"

"ಹೂಂ ಕಣ್ರಮ್ಮ."

ಬಸವಲಿಂಗಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದು ಅವರು ಮಧ್ಯಾಹ್ನದವರೆಗೂ ಉಪವಾಸ ಬಿಡುವ ಪ್ರಸಾದ ಮುಟ್ಟಲಿಲ್ಲವೆಂದು ಅನುಪಮಾ ಅಕ್ಕಪಕ್ಕದವರಿಗೆ ಹೇಳಿದಳು; ಜೊತೆಗೆ ಕಾರಣವನ್ನೂ.

ವಾರ ಕಳೆಯುವುದರೊಳಗೆ ಬೀದಿಯ ಬಕೆಟ್ಟುಗಳು ಮತ್ತೆ ಒಂದಾದವು. ಮೇಷ್ಟ್ರು ಯಾವ ತಮಾಷೆಯನ್ನೂ ಮಾಡಲಿಲ್ಲ; ಕವರಿಗೆ ಗಂಟು ಹಾಕಿ ಗೇಟಿನ ಹೊರಗಿಟ್ಟು ಒಳಗೆ ಹೋದರು. ರಂಗರಾಜು ಬೈಕು ನಿಲ್ಲಿಸಿದ.

"ಏನಮ್ಮ ನಿನ್ನ ಕಥೆ? ನಿನಗ್ಯಾಕೆ ಬೇಕಿತ್ತು ಇದು? ಇವತ್ತಲ್ಲ ನಾಳೆ ಶೆಡ್ ಆಗುತ್ತೆ. ಅಷ್ಟರಲ್ಲಿ ಜನಕ್ಕೆ ಅಭ್ಯಾಸ ಆಗಿರ್ಲಿ ಅಂತ ತಾನೆ ಮಾಡ್ಸೋದು?"

ಆ ಮಾತೂ ಸುಳ್ಳಲ್ಲ ಎಂದು ನರಸಿಂಹಮ್ಮನಿಗೆ ಅನ್ನಿಸಿತು. ರಂಗರಾಜು ದನಿ ತಗ್ಗಿಸಿದ.

"ಗೊತ್ತಾಗ್ದೆ ಅಂದೆ, ಗೊಬ್ಬರನೇ ಆಗುತ್ತೆ ಅಂತ ಒಂದು ಸುತ್ತು ಹೇಳ್ಬಿಡು. ನಿನ್ ಮಾತು ಕೇಳ್ತಾರೆ."

"ಅದಕ್ಕೇ ಸಾರ್ ಹೇಳಾಕಾಗಲ್ಲ. ಶೆಡ್ ಆದಾಗ ಕರ್ಕಂಡ್ ಹೋಗಿ ತೋರ್ಸಿ. ಮನೆಮನೆಗೂ ನಾನೇ ಹೋಗಿ ಹೇಳ್ತೀನಿ."

ಸೋಮವಾರದಿಂದ ಮಾರ್ಕೆಟ್ ಕಡೆಗೆ ಹೋಗು ಎಂದು ರಂಗರಾಜು ಬೈಕು ಹತ್ತಿದ. ಕೊಳೆತ ತರಕಾರಿಯನ್ನು ಸಲಿಕೆಯಲ್ಲಿ ಬಾಚುವ ಕೆಲಸ. ಅಲ್ಲಿ ತಟ್ಟಲು ಬಾಗಿಲುಗಳಿಲ್ಲ.

ಕೊನೆಯ ದಿನ ನರಸಿಂಹಮ್ಮ ಎಂದಿನಂತೆ ನಲವತ್ತು ಮನೆಗಳ ಮುಂದೆಯೂ ನಿಂತರು. ಕೊನೆಯ ಮನೆಯ ಬಾಗಿಲು ತೆರೆಯಲು ತಡವಾಯಿತು. ಬಸವಲಿಂಗಮ್ಮ ಬರಿಗೈಲಿ ಹೊರಗೆ ಬಂದರು.

"ನೀನು ಹೇಳ್ದೇ ಇದ್ದಿದ್ರೆ ನಾನು ನೆಮ್ಮದಿಯಾಗಿ ಇರ್ತಿದ್ದೆ ಕಣೇ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀವೇನೋ ಇರ್ತಿದ್ರಿ ಅಮ್ಮಾವ್ರೆ," ಎಂದರು ನರಸಿಂಹಮ್ಮ. ಗಾಡಿಯನ್ನು ಮೂಲೆಯ ಕಡೆಗೆ ತಿರುಗಿಸಿದರು.