ದೊಡ್ಡಮ್ಮ ತನ್ನ ಮಿದುಳನ್ನು ನೋಡಿದಳು

ಸ್ನೇಹಿತರೇ, ಇವತ್ತು ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಹಚ್ಚೊಳ್ಳಿಯ ನಮ್ಮ ದೊಡ್ಡಪ್ಪ ಡಾಕ್ಟರಮ್ಮನ ಜೊತೆ ವಾದಕ್ಕಿಳಿದರು. ದೊಡ್ಡಮ್ಮನಿಗೆ ಲಕ್ವ ಹೊಡೆದು ಒಂಬತ್ತು ದಿನ. ಎಡಗೈಯ ಒಂದು ಬೆರಳೂ ಅಲುಗುತ್ತಿಲ್ಲ.

ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ದೊಡ್ಡಮ್ಮನ ಮಿದುಳಿನ ಸ್ಕ್ಯಾನ್ ತೋರಿಸಿದರು. ಅದರಲ್ಲಿ ಸಣ್ಣ ನೀಲಿ ಎಳೆಯೊಂದು ಕೆಳಗಿಳಿದಿತ್ತು. "ಮಿದುಳಿಂದ ಕೈಗೆ ಹೋಗೋ ದಾರಿ ಇದು. ಸವೆದೈತಿ, ಆದ್ರ ಕಡಿದಿಲ್ಲ. ದಿನಾ ವ್ಯಾಯಾಮ ಮಾಡಿಸಿದ್ರ ಕೈ ಬಹಳಮಟ್ಟಿಗೆ ವಾಪಸ್ ಬರಬಹುದು."

"ಕಣ್ಣೆದುರಿಗಿನ ಕೈ ಸತ್ತಂಗ ಬಿದ್ದೈತಿ. ಫೋಟೋ ನೋಡಿ ಮುಂದಿಂದು ಹೆಂಗ ಹೇಳ್ತೀರಿ?" ಎಂದರು ದೊಡ್ಡಪ್ಪ.

ದೊಡ್ಡಮ್ಮ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ. "ಅದು ನನ್ನ ತಲಿ ಒಳಗಿಂದೇನ್ರಿ?" ಎಂದು ಕೇಳಿದಳು.

"ಹೌದಮ್ಮ, ನಿಮ್ಮದೇ."

ಅವಳು ಬಲಗೈ ಚಾಚಿ ಆ ಎಳೆಯನ್ನು ಮೆಲ್ಲಗೆ ಮುಟ್ಟಿದಳು. ಇನ್ನೂ ಅಲುಗದ ಕೈಯ ನಾಳಿನ ದಿನ ಅಲ್ಲಿ ಕಾಣುತ್ತಿತ್ತು. ನನಗೆ ಮೈ ಜುಮ್ಮೆಂದಿತು.

ವಾರ್ಡಿಗೆ ಮರಳಿದ ಮೇಲೆ, ಫೋಟೋ ನಂಬದ ದೊಡ್ಡಪ್ಪ ಅವಳ ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸುತ್ತಾ ಅರ್ಧ ಗಂಟೆ ಕೂತರು.

ದೊಡ್ಡಮ್ಮ ನನ್ನತ್ತ ತಿರುಗಿ ಹೇಳಿದಳು: "ಲಗ್ನ ಆಗಿ ನಲವತ್ತು ವರ್ಷ ಆತು. ಇಷ್ಟೊತ್ತು ನನ್ನ ಕೈ ಹಿಡಿದದ್ದು ಇದೇ ಮೊದಲು ನೋಡು."