ಓದದೆ ಒತ್ತಿದ ಹೆಬ್ಬೆಟ್ಟು

ಉದಗೀರಕ್ಕೆ ಬಂದ ಮೂರನೆಯ ದಿನ ಮ್ಯಾನೇಜರು ಶಿವರಾಜಪ್ಪನವರು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಖಿಡಕಿ ತೆರೆಯಲು ಹೇಳಿದರು. ಖಿಡಕಿ ಎಂದರೆ ಮರಾಠಿಯಲ್ಲಿ ಕಿಟಕಿ ಎಂದು ಹಿಂದಿನ ದಿನವಷ್ಟೇ ಕಲಿತಿದ್ದೆ. ಜಂಬದಿಂದ ಎದ್ದು ಹೋಗಿ ಗೋಡೆಯ ಕಿಟಕಿ ತೆರೆದೆ. ಬಿಸಿಗಾಳಿಯೂ, ಎದುರಿನ ದವಸದ ಪೇಟೆಯ ತೊಗರಿ ದೂಳೂ ಒಟ್ಟಿಗೆ ಒಳಗೆ ನುಗ್ಗಿದವು. ಯಾರೂ ನಗಲಿಲ್ಲ, ಅದಕ್ಕೇ ಇನ್ನೂ ನಾಚಿಕೆಯಾಯಿತು. ಈ ಕಚೇರಿಯವರು ಖಿಡಕಿ ಅನ್ನುವುದು ವಿಡಿಯೊ ಮೀಟಿಂಗಿಗೆ.

ಆ ಇನ್ನೊಂದು ಖಿಡಕಿ ತೆರೆದಾಗ ಪರದೆಯ ಮೇಲೆ ಆರು ಚೌಕ, ಆರು ಮುಖ. ಎಲ್ಲರೂ ಕನ್ನಡ ಮಾತಾಡುತ್ತಿದ್ದಾರೆ. ನಮ್ಮ ಕಡೆಯ ಕನ್ನಡವಲ್ಲ, ಆದರೂ ಕನ್ನಡವೇ. ಮುಖಗಳ ಕೆಳಗಿನ ಹೆಸರುಗಳು ಮಾತ್ರ ನಾಗರಿ ಅಕ್ಷರದಲ್ಲಿದ್ದವು. ಹೊರಗೆ ಬಂದರೆ ಬೀದಿಯೂ ಹಾಗೆಯೇ. ಬೋರ್ಡೆಲ್ಲ ಮರಾಠಿ, ಬೋರ್ಡಿನ ಕೆಳಗೆ ಕುಳಿತ ಅಂಗಡಿಯವರು ಆಡುವುದು ಕನ್ನಡ. ಎಚ್ಚರವಿದ್ದೂ ನಿದ್ದೆಯಲ್ಲಿ ನಡೆಯುತ್ತಿರುವಂತೆ ಅನ್ನಿಸಿ ಆ ಸಂಜೆ ಎರಡು ಸಲ ದಾರಿ ತಪ್ಪಿದೆ.

ನಾನು ಮಂಡ್ಯದವಳು, ಹೆಸರು ರತ್ನ. ಅಲ್ಲಿ ಬೆಲ್ಲದ ರೈತರ ಕಂಪನಿಯೊಂದರಲ್ಲಿ ಹತ್ತು ವರ್ಷ ಕೆಲಸ ಮಾಡಿದ್ದೆ. ಅದು ಮುಚ್ಚಿದಾಗ, ಉಮರ್ಗಾ, ನಿಲಂಗಾ, ಉದಗೀರ ಮೂರು ತಾಲೂಕಿನ ರೈತರು ಸೇರಿ ಕಟ್ಟಿದ ಕಂಪನಿಯಲ್ಲಿ ಒಂದು ವರ್ಷದ ಕೆಲಸ ಖಾಲಿ ಇದೆ ಎಂದು ಗೊತ್ತಾಯಿತು. ಮಹಾರಾಷ್ಟ್ರವಾದರೂ ಕನ್ನಡ ಬಲ್ಲವರೇ ಬೇಕಂತೆ. ಅಷ್ಟು ಸಾಕಾಯಿತು, ಹೊರಟುಬಿಟ್ಟೆ. ಅಕ್ಕ ಮಂಡ್ಯದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. "ಯುಗಾದಿಗೆ ವಾಪಸ್ ಬಂದ್ಬಿಡು, ದೊಡ್ಡ ಅಂಗಡಿ ಹಿಡಿದು ಇಬ್ಬರೂ ಸೇರಿ ನಡೆಸೋಣ" ಎಂದು ಮಾತು ತೆಗೆದುಕೊಂಡೇ ಬಸ್ಸು ಹತ್ತಿಸಿದಳು.

ಪಾತ್ರೆ ಅಂಗಡಿಯ ಮೇಲೊಂದು ಖೋಲಿ ಸಿಕ್ಕಿತು. ಖೋಲಿ ಎಂದರೆ ಕೋಣೆ. ನಮ್ಮಲ್ಲಿ ಮನೆ ನೋಡುವವರು ಮೊದಲು ನಲ್ಲಿ ತಿರುಗಿಸುತ್ತಾರೆ. ಇಲ್ಲಿ ತಲೆ ಎತ್ತಿ ತೊಲೆ ನೋಡುತ್ತಾರೆ. ತೊಂಬತ್ತಮೂರರಲ್ಲಿ ಈ ಸೀಮೆಯಲ್ಲಿ ಭೂಕಂಪವಾಗಿ ಇಷ್ಟು ವರ್ಷವಾದರೂ ಆ ಅಭ್ಯಾಸ ಹೋಗಿಲ್ಲ. ಮನೆಯೊಡತಿ ನನ್ನ ಸಾಮಾನಿನಲ್ಲಿ ಐದು ಕಿಲೋ ರಾಗಿ ಹಿಟ್ಟು ಕಂಡು, ಕೂಸು ಎಲ್ಲಿ ಎಂದು ಕೇಳಿದಳು. ರಾಗಿ ಇಲ್ಲಿ ನಾಚಣಿ, ಹಸುಗೂಸಿಗೆ ಗಂಜಿ ಕಾಸುವ ಹಿಟ್ಟು. ಕೂಸು ನಾನೇ ಎಂದೆ. ಅವತ್ತು ರಾತ್ರಿ ನಾನು ಮುದ್ದೆ ನುಂಗುವುದನ್ನು ಬಾಗಿಲಲ್ಲಿ ನಿಂತು ನೋಡಿದಳು, ಮರುದಿನದಿಂದ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಕಡಲೆಕಾಯಿ ಚಟ್ನಿಪುಡಿ ಕಳಿಸತೊಡಗಿದಳು. ರೊಟ್ಟಿ ಅಗಿಯಲು ದವಡೆಗೆ ಒಂದು ತಿಂಗಳು ಬೇಕಾಯಿತು.

ಕಚೇರಿಯಲ್ಲಿ ನನಗೆ ಕೊಟ್ಟ ಕೆಲಸ ಸುಲಭದ್ದೆಂದು ತಿಳಿದಿದ್ದೆ. ಮೂರು ಊರಿನವರು ಪರಸ್ಪರ ಮಾತಾಡಲು ಯಾವ ಸಾಧನ ಒಳ್ಳೆಯದು ಎಂದು ಬಳಸಿ ನೋಡಿ ವರದಿ ಬರೆಯಬೇಕು, ಅಲ್ಲಿಯತನಕ ಸೂಚನೆಗಳನ್ನು ಕಳಿಸುತ್ತಿರಬೇಕು. ಉದಗೀರದವರು ದುಡ್ಡು ಕೊಟ್ಟು ತಂದ ಆಫೀಸ್ ಚಾಟ್ ಇತ್ತು. ಅದರಲ್ಲಿ ತೊಗರಿಗೊಂದು ಕೋಣೆ, ಸೋಯಾಬೀನಿಗೊಂದು, ಲಾರಿಗೊಂದು. ನನ್ನನ್ನು ಬಿಟ್ಟರೆ ಯಾರೂ ಆ ಕೋಣೆಗಳ ಹೊಸ್ತಿಲು ದಾಟುತ್ತಿರಲಿಲ್ಲ. ನಿಲಂಗಾದವರಿಗೆ ಫೋನಿನ ಸಾದಾ ಗ್ರೂಪೇ ಸಾಕು. ಅಲ್ಲಿ ಲಾರಿ ನಂಬರಿನ ಕೆಳಗೇ ಯಾರದೋ ಮೊಮ್ಮಗನ ತಲೆಗೂದಲು ತೆಗೆಸಿದ ಫೋಟೊ, ಅದರ ಕೆಳಗೆ ಮಳೆ ಸುದ್ದಿ. ಉಮರ್ಗಾ ತಾಲೂಕಿನ, ಹೆದ್ದಾರಿ ಪಕ್ಕದ ತುರೋರಿಯ ಕೇಂದ್ರದಲ್ಲಿ ದವಸ ತೂಗಿಸಿಕೊಳ್ಳುತ್ತಿದ್ದ ಮಾದೇವಿ ಮಾತ್ರ ಖಿಡಕಿಯನ್ನೇ ನಂಬಿದ್ದಳು.

ಮಾದೇವಿಗೆ ಮೂವತ್ತಾರೋ ಮೂವತ್ತೇಳೋ. ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು ಉಮರ್ಗಾದಲ್ಲಿ ಓದುತ್ತಾರೆ, ಈ ಕೆಲಸವೇ ಆಧಾರ. ಭಾರದ ಲಾರಿ ಹೋಗಿ ಮೇಜು ನಡುಗಿದರೆ ಸಾಕು, ಮಾತು ಅರ್ಧಕ್ಕೆ ಬಿಟ್ಟು ಹೊರಗೆ ಓಡಿರುತ್ತಿದ್ದಳು. ಭೂಕಂಪದ ಹೊತ್ತಿಗೆ ಅವಳು ಚಿಕ್ಕ ಹುಡುಗಿಯಂತೆ. ಖಾಲಿ ಕುರ್ಚಿಯನ್ನು ನಾವೆಲ್ಲ ನೋಡುತ್ತ ಕೂರುವೆವು; ನಿಮಿಷದ ಮೇಲೆ ಸೆರಗು ಸರಿಮಾಡಿಕೊಂಡು ಬಂದು, ಬಿಟ್ಟ ಮಾತಿನಿಂದಲೇ ಮುಂದುವರಿಸುವಳು. ಕೆಲವು ಮಧ್ಯಾಹ್ನ ಸಿಗ್ನಲ್ ಸೋತು ಎಲ್ಲರ ಮುಖವೂ ಹಾಗೇ ನಿಂತುಬಿಡುತ್ತಿತ್ತು, ಅವಳ ಹಿಂದಿನ ಬಾಗಿಲಲ್ಲಿ ಮಾತ್ರ ಬಿಳಿ ಬಿಸಿಲು ಅಲುಗಿದಂತೆ ಕಾಣುತ್ತಿತ್ತು. ಮಂಡ್ಯದ ನಾಲೆಯ ನೀರಿನ ಮೇಲಿನ ಬೆಳಕು ನೆನಪಾಗಿ, ಎಲ್ಲಿ ಕೂತಿದ್ದೇನೆ ಎನ್ನುವುದೇ ಮರೆಯುತ್ತಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಖಿಡಕಿಯ ಮೇಲೆ ನನಗಿದ್ದ ದೂರು ಅದೇ. ಆಡಿದ್ದಕ್ಕೆ ಗುರುತಿಲ್ಲ. ಎಲ್ಲರೂ ಇರುವ ಆ ಫೋನ್ ಗ್ರೂಪಿನಲ್ಲಿ ಬರೆದರೆ ಉಳಿಯುತ್ತದೆ, ಯಾರು ನೋಡಿದರು ಎಂಬುದೂ ಕಾಣುತ್ತದೆ. ಹಾಗಾಗಿ ಮೀಟಿಂಗಿನಲ್ಲಿ ಹೇಳಿದ್ದನ್ನೆಲ್ಲ ಮತ್ತೊಮ್ಮೆ ಅಚ್ಚುಕಟ್ಟು ಕನ್ನಡದಲ್ಲಿ ಟೈಪು ಮಾಡಿ ಹಾಕುತ್ತಿದ್ದೆ. ಪ್ರತಿಯೊಂದರ ಕೆಳಗೂ ಆರು ಜೊತೆ ಮುಗಿದ ಕೈ. ಇಲ್ಲಿಯ ಶಿವಭಕ್ತ ಮನೆತನಗಳಲ್ಲಿ ದೊಡ್ಡವರು ಏನೇ ಹೇಳಲಿ, ಹೂಂ ಉಹೂಂ ಎನ್ನುವ ಮೊದಲು ಶರಣು ಅನ್ನಬೇಕು. ಫೋನಿನಲ್ಲಿ ಅದಕ್ಕೆ ಆ ಕೈಗಳು. ನನ್ನ ಕನ್ನಡಕ್ಕೆ ಊರೇ ಕೈ ಮುಗಿಯುತ್ತದೆ ಎಂದು ಅಕ್ಕನ ಹತ್ತಿರ ಕೊಚ್ಚಿಕೊಂಡೆ.

ಅವರು ಬರೆಯುತ್ತಿದ್ದುದು ನಾಗರಿಯಲ್ಲಿ. ಮರಾಠಿ, ನನಗೇನು ತಿಳಿಯುತ್ತದೆ, ಹೇಗೂ ಮೀಟಿಂಗಿನಲ್ಲಿ ಹೇಳುತ್ತಾರೆ ಎಂದುಕೊಂಡು ಎಲ್ಲದಕ್ಕೂ ಹೆಬ್ಬೆರಳಿನ ಗುರುತು ಒತ್ತಿಬಿಡುತ್ತಿದ್ದೆ. ಹತ್ತು ತಿಂಗಳು ಹೀಗೇ ಸಾಗಿತು.

ಶಿವರಾತ್ರಿಯ ಆಸುಪಾಸು, ಜೋಳ ಕೊಯ್ದು ರಾಶಿಯಾಗಿತ್ತು. ತುರೋರಿ ಕಡೆಯ ದಾಳಿಂಬ ಎಂಬ ಊರಿನ ಗುರಮ್ಮ ತಮ್ಮ ಅತ್ತೆಯ ಕಾಲದ ಬಿಳಿ ಜೋಳದ ಬೀಜವನ್ನು ಕಾಪಾಡಿಕೊಂಡು ಬಂದ ರೈತ ಹೆಂಗಸು. ಭೂಕಂಪದಲ್ಲಿ ಬಿದ್ದ ಮನೆಯ ಮಣ್ಣು ಬಗೆದು, ಮೊದಲು ಹೊರತೆಗೆಸಿದ್ದು ಈ ಬೀಜದ ಗಡಿಗೆಯಂತೆ. ಆ ವರ್ಷ ಹನ್ನೆರಡು ಚೀಲ ತುರೋರಿಯ ಕೇಂದ್ರಕ್ಕೆ ಕೊಟ್ಟಿದ್ದರು, ಮಾರಲಿಕ್ಕಲ್ಲ, ಬೇರೆ ಹೆಂಗಸರಿಗೆ ಬಿತ್ತನೆಗೆ ಹಂಚಲು. ಅವತ್ತು ಬೆಳಿಗ್ಗೆ ಉದಗೀರದಲ್ಲಿ ಕರೆಂಟ್ ಇಲ್ಲದೆ ಖಿಡಕಿ ತೆರೆಯಲಿಲ್ಲ. ಗುರಮ್ಮನ ಹನ್ನೆರಡು ಚೀಲ ಬೀಜದ್ದು, ಪ್ರತ್ಯೇಕ ಇಡಿ, ಲಾರಿಗೆ ಹಾಕಬೇಡಿ ಎಂದು ಫೋನಿನಿಂದ ಬರೆದು ಹಾಕಿದೆ. ಕೈಗಳು ಬಂದವು. ಮಾದೇವಿಯದೂ ಬಂತು.

ಮಧ್ಯಾಹ್ನ ಅಕ್ಕ ವಿಡಿಯೊದಲ್ಲಿ ಹೊಸ ಅಂಗಡಿ ತೋರಿಸುತ್ತಿದ್ದಳು. ಮಳಿಗೆ ಹಿಡಿದೇಬಿಟ್ಟಿದ್ದಳು. "ಇಲ್ಲಿ ನಿನ್ನ ಮೇಜು ಕಣೇ" ಎಂದು ಒಂದು ಮೂಲೆಗೆ ಫೋನು ಹಿಡಿದಾಗ ನನ್ನ ಪರದೆಯ ಮೇಲ್ತುದಿಯಲ್ಲಿ ಮಾದೇವಿಯ ನಾಗರಿ ಸಾಲೊಂದು ಬಂತು. ಅಭ್ಯಾಸದಂತೆ ಹೆಬ್ಬೆರಳು ಒತ್ತಿ ಅಕ್ಕನ ಕಡೆಗೆ ತಿರುಗಿದೆ.

ನಾಲ್ಕು ದಿನದ ಮೇಲೆ ತಿಳಿಯಿತು, ಹನ್ನೆರಡು ಚೀಲವೂ ಲಾರಿ ಹತ್ತಿ ಪೇಟೆಗೆ ಬಂದು, ಹರಾಜಾಗಿ, ಬೇರೆ ಜೋಳದೊಡನೆ ಬೆರೆತು ಹಿಟ್ಟಾಗಿವೆ. ಶಿವರಾಜಪ್ಪನವರು ಖಿಡಕಿಯಲ್ಲಿ ನನ್ನ ಸೂಚನೆಯನ್ನು ನನ್ನಿಂದಲೇ ಓದಿಸಿ ಎಲ್ಲರಿಗೂ ಎತ್ತಿ ತೋರಿಸಿದರು. ಅದರ ಕೆಳಗೆ ಮಾದೇವಿಯ ಮುಗಿದ ಕೈ. ನೋಡಿ ಒಪ್ಪಿಕೊಂಡು ಹೀಗೆ ಮಾಡಿದ್ದಾಳೆ, ಮುಂದಿನ ವಾರ ಕೆಲಸದಿಂದ ತೆಗೆಯುವುದೇ ಎಂದರು. ಮಾದೇವಿಯ ಮುಖ ಸಿಗ್ನಲ್ ಸೋತು ನಿಂತಿದೆ ಎಂದುಕೊಂಡೆ, ಆದರೆ ಕಣ್ಣು ಮಿಟುಕುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಮರುದಿನ ನಿಲಂಗಾದ ಮೇಲೆ ಹಾಯ್ದು ತುರೋರಿಗೆ ಹೋದೆ. ಹತ್ತು ತಿಂಗಳು ಚೌಕದಲ್ಲಿ ಕಂಡವಳನ್ನು ಎದುರಿಗೆ ಕಂಡಾಗ, ಇಷ್ಟು ಎತ್ತರದವಳೇ ಅನ್ನಿಸಿತು. ಚಹಾ ತರಿಸಿದಳು. ಬರೆದಿದ್ದೆನಲ್ಲ, ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಚಹಾವನ್ನು ಬಸಿಗೆ ಸುರಿದು ನನ್ನ ಮುಂದೆ ಸರಿಸಿದಳು.

"ಅಕ್ಕೋರ, ನಾವು ಕನ್ನಡ ಮಾತಾಡೋರು. ಕಲ್ತ ಸಾಳಿ ಎಲ್ಲಾ ಮರಾಠಿ ಆಗ್ಯಾದ. ನಿಮ್ಮ ಅಕ್ಷರ ನೋಡಲಾಕ ಚಂದ ಕಾಣತಾವ, ಓದಲಾಕ ಬರಂಗಿಲ್ಲ."

ಹಾಗಾದರೆ ಕೈ ಮುಗಿದದ್ದೇಕೆ ಎಂದೆ. ದೊಡ್ಡವರು ಹೇಳಿದ್ದಕ್ಕೆ ಶರಣು ಅನ್ನದೆ ಇರುವುದು ಹೇಗೆ ಎಂದು ನನ್ನನ್ನೇ ಕೇಳಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ಕನ್ನಡದಾಕಿ ಆಗಿ ಕನ್ನಡ ಓದಲಾಕ ಬರಂಗಿಲ್ಲ ಅಂತ ಎಲ್ಲಾರ ಮುಂದ ಹೇಳಬ್ಯಾಡ್ರಿ. ನೌಕರಿ ಹೋದ್ರ ಹೋಗಲಿ."

ವಾಪಸು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಫೋನು ತೆಗೆದೆ. ಹೈಸ್ಕೂಲಿನಲ್ಲಿ ಪಾಸಾಗುವಷ್ಟು ಹಿಂದಿ ಓದಿದ್ದೆ, ನಾಗರಿ ಅಕ್ಷರ ಪೂರಾ ಮರೆತಿರಲಿಲ್ಲ. ಅವತ್ತಿನ ಅವಳ ಸಾಲನ್ನು ಒಂದೊಂದೇ ಅಕ್ಷರ ಕೂಡಿಸುತ್ತ ತುಟಿಯಲ್ಲೇ ಓದತೊಡಗಿದೆ. ಹೊರಗೆ ಕೊಯ್ದ ಜೋಳದ ಹೊಲಗಳು ಸಂಜೆ ಬೆಳಕಿನಲ್ಲಿ ಬಿಳಿಚಿಕೊಂಡು ಹಿಂದೆ ಸರಿಯುತ್ತಿದ್ದವು, ಬಸ್ಸು ತೂಗುತ್ತಿತ್ತು. ಎರಡನೆಯ ಸಲ ಓದುವಾಗ ತಿಳಿಯಿತು. ಅದು ಮರಾಠಿ ಆಗಿರಲಿಲ್ಲ. ನಾಗರಿಯ ಉಡುಗೆ ತೊಟ್ಟ ಕನ್ನಡ.

"ಅಕ್ಕೋರ, ಗುರಮ್ಮನ ಜೋಳ ಹನ್ನೆರಡು ಚೀಲ ಗಾಡಿಗೆ ಹಾಕಲೇನ್ರಿ? ಗಾಡಿ ಬಂದು ನಿಂತದ."

ಕೆಳಗೆ ನನ್ನ ಹೆಬ್ಬೆರಳು. ನಮ್ಮೂರಲ್ಲಿ ಓದು ಬರಹ ಬಾರದವರನ್ನು ಹೆಬ್ಬೆಟ್ಟು ಎಂದು ಆಡಿಕೊಳ್ಳುತ್ತೇವೆ. ಹಿಂದಿನದನ್ನೆಲ್ಲ ಓದುತ್ತ ಹೋದೆ. ಹತ್ತು ತಿಂಗಳು ಅವರೆಲ್ಲ ನನಗೆ ಕನ್ನಡದಲ್ಲೇ ಬರೆದಿದ್ದರು. ಜ್ವರ ಬಂದಾಗ ಗುಣವಾಯಿತೇ ಎಂದು, ಪಂಚಮಿಗೆ ಉಂಡಿ ಕಳಿಸಲೇ ಎಂದು. ಉಂಡಿಗೂ ಹೆಬ್ಬೆರಳು ಒತ್ತಿದ್ದೆ, ಉಂಡಿ ಬಂದಿತ್ತು, ಯಾರು ಕಳಿಸಿದರೆಂದು ತಿಳಿಯದೆ ತಿಂದಿದ್ದೆ. ಬಸ್ಸಿನಲ್ಲಿ ನಾಚಿಕೆಯಿಲ್ಲದೆ ಅತ್ತೆ. ಪಕ್ಕದ ಅಜ್ಜಿ ಏನೂ ಕೇಳದೆ ನೀರಿನ ಬಾಟಲಿ ಕೊಟ್ಟಳು.

ಮುಂದಿನ ವಾರ ಖಿಡಕಿ ತೆರೆಯಿತು. ಶಿವರಾಜಪ್ಪನವರು ಬಾಯಿ ತೆರೆಯುವ ಮೊದಲೇ ನಾನು ಮೈಕು ಹಾಕಿದೆ.

"ಸಾರ್, ಮಾದೇವಿ ಲಾರಿಗೆ ಹಾಕೋ ಮುಂಚೆ ನನ್ನನ್ನ ಕೇಳಿದ್ರು. ನಾನು ಓದದೆ ಹೂಂ ಅಂದೆ. ಕಳಿಸೋದಾದ್ರೆ ನನ್ನನ್ನ ಕಳಿಸಿ."

ಅವಳ ಗುಟ್ಟು ಅಷ್ಟಕ್ಕೇ ಉಳಿಯಿತೆಂದು ಉಸಿರು ಬಿಟ್ಟೆ. ಆಗ ತುರೋರಿಯ ಚೌಕದಲ್ಲಿ ಮೈಕಿನ ಗುರುತು ಹೊತ್ತಿಕೊಂಡಿತು. ಮಾದೇವಿ ಎದ್ದು ನಿಂತಿದ್ದಳು, ಸೊಂಟದಿಂದ ಕುತ್ತಿಗೆಯವರೆಗೆ ಮಾತ್ರ ಕಾಣುತ್ತಿತ್ತು.

"ನನಗ ಕನ್ನಡ ಓದಲಾಕ ಬರಂಗಿಲ್ಲರೀ. ಅಕ್ಕೋರ ಒಬ್ಬರದೇ ತಪ್ಪಲ್ಲ."

ನಿಲಂಗಾದ ಗೋದಾಮಿನವರು ಮೈಕು ಹಾಕಿ ತಮಗೂ ಬರುವುದಿಲ್ಲ ಎಂದರು. ಅವರ ಪಕ್ಕದವರು ತಲೆ ತಗ್ಗಿಸಿದರು. ಶಿವರಾಜಪ್ಪನವರು ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಒರೆಸುತ್ತ, ನನಗರೇ ಎಲ್ಲಿ ಬರತದ ಎಂದು ಮೆಲ್ಲಗೆ ಅಂದರು. ಅತಿ ಹೆಚ್ಚು ಕೈ ಮುಗಿದವರು ಅವರೇ.

"ಹನ್ನೆರಡು ಚೀಲ ಹೋದವು. ನಿಮ್ಮಿಬ್ಬರನೂ ಕಳಸಿದ್ರ ಹದಿನಾಲ್ಕು ಆಗತಾವ" ಎಂದರು. "ದಾಳಿಂಬಕ್ಕ ಹೋಗ್ರಿ. ಗುರಮ್ಮ ಏನು ಹೇಳತಾಳೋ ಅದೇ ತೀರ್ಪು."

ಮರುದಿನ ತುರೋರಿಯಿಂದ ಶೇರ್ ಆಟೊದಲ್ಲಿ ಇಬ್ಬರೂ ದಾಳಿಂಬಕ್ಕೆ ಹೋದೆವು. ಗುರಮ್ಮ ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತಿದ್ದರು. ಕೂರಿ ಅನ್ನಲಿಲ್ಲ, ನೀರು ಕೊಡಲಿಲ್ಲ. ಈ ಸೀಮೆಯಲ್ಲಿ ನೀರು ಕೊಡದಿರುವುದು ಬೈಗಳಕ್ಕಿಂತ ದೊಡ್ಡದು. ನಡೆದದ್ದನ್ನೆಲ್ಲ ನಾನೇ ಹೇಳಿದೆ. ಕೇಳಿ, ನನ್ನ ಕಡೆ ನೋಡದೆ, ಹೊರಗಿನವರ ಕೈಗೆ ಬೀಜ ಕೊಟ್ಟದ್ದು ತನ್ನದೇ ತಪ್ಪು ಎಂದರು. ನನಗೆ ಮಂಡ್ಯದ ಬಸ್ಸು ಕಣ್ಣೆದುರು ಬಂತು.

"ಹೊರಗಿನಾಕಿ ಅಲ್ಲ ಕಾಕೂ, ನಮ್ಮಾಕಿ" ಎಂದಳು ಮಾದೇವಿ. ಕಾಕೂ ಎಂದರೆ ಚಿಕ್ಕಮ್ಮ. "ನಮ್ಮೋರೇ ಕಳದೀವಿ."

ಸಂತೋಷಪಡುವ ಹೊತ್ತಲ್ಲ ಅದು. ಆದರೂ, ಸುಳ್ಳೇಕೆ, ನನಗೆ ಸಂತೋಷವಾಯಿತು. ಗುರಮ್ಮ ಮೊರ ಕೆಳಗಿಟ್ಟು ಮೊದಲ ಸಲ ನನ್ನ ಮುಖ ನೋಡಿದರು.

"ನಮ್ಮೋರೇ ಕಳದಾರಂದ್ರ ನಮ್ಮೋರೇ ಹುಡಕಬೇಕು. ಹಿಂದ ಈ ಬೀಜ ಯೆಣೆಗೂರದಾಗ ಕೊಟ್ಟೀನಿ, ಆ ಕಡಿ ನಾಕು ಊರಾಗ ಕೊಟ್ಟೀನಿ. ಮನಿಮನಿ ತಿರುಗಿ ಹಿಡಿ ಹಿಡಿ ತರ್ರಿ. ಹಿಂಗಾರಿ ಬಿತ್ತೋ ತನಕಾ ಎಲ್ಲೂ ಹೋಗಬ್ಯಾಡ. ಇರತೀಯೇನವಾ?"

ಹಿಂಗಾರಿ ಬಿತ್ತುವುದು ದಸರೆಯ ಹೊತ್ತಿಗೆ. ಯುಗಾದಿಗೆ ಆಗ ಮೂರು ವಾರವಿತ್ತು. "ಇರತೀನಿ" ಎಂದೆ. ಗುರಮ್ಮ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದರು.

ಈಗ ಸೂಚನೆಗಳನ್ನು ನಾಗರಿ ಅಕ್ಷರದಲ್ಲಿ ಕನ್ನಡವಾಗಿ ಬರೆಯುತ್ತೇನೆ, ಮೀಟಿಂಗಿನಲ್ಲಿ ಓದಿಸಿ ಕೇಳುತ್ತೇನೆ. ಯಾವ ಸಾಧನ ಒಳ್ಳೆಯದು ಎಂಬ ವರದಿ ಇನ್ನೂ ಮುಗಿದಿಲ್ಲ. ಭಾನುವಾರಗಳಲ್ಲಿ ಮಾದೇವಿಯೂ ನಾನೂ ಊರೂರು ತಿರುಗುತ್ತೇವೆ. ಒಂಬತ್ತು ಮನೆಗಳಿಂದ ಒಂದು ಗಡಿಗೆಯ ತಳ ಮುಚ್ಚುವಷ್ಟು ಜೋಳ ಸಿಕ್ಕಿದೆ.

ಅಕ್ಕ ನಿನ್ನೆ ಸಂಜೆ ಫೋನಿನಲ್ಲಿ ಹೊಸ ಅಂಗಡಿಯ ಬೋರ್ಡು ತೋರಿಸಿದಳು. ಕನ್ನಡದ ದುಂಡು ಅಕ್ಷರದಲ್ಲಿ ಇಬ್ಬರ ಹೆಸರನ್ನೂ ಬರೆಸಿದ್ದಾಳೆ. ಚೆನ್ನಾಗಿದೆ ಕಣಕ್ಕ ಎಂದೆ. ಬರುವುದಿಲ್ಲ ಎಂದು ಹೇಳಲಾಗಲಿಲ್ಲ. ಮಂಡ್ಯದಲ್ಲಿ ಇದನ್ನು ಓದಿದವರು ಯಾರಾದರೂ ಅವಳ ಹತ್ತಿರ ರವಿಕೆ ಹೊಲಿಸಲು ಹೋದರೆ, ದಯವಿಟ್ಟು ಏನೂ ಹೇಳಬೇಡಿ. ನಾನೇ ಹೇಳಬೇಕು.