ಶಶಿಧರರ ಹದಿನೈದು ನಿಮಿಷ

ಗಿರಾವೀನ್‌ನಲ್ಲಿ ನಮ್ಮ ಮನೆಯಿಂದ ಮೂರನೆಯದು ಶಶಿಧರರ ಮನೆ. ಬೆಳಗಾವಿಯ ಪಾಲಿಟೆಕ್ನಿಕ್‌ನಲ್ಲಿ ಹನ್ನೆರಡು ವರ್ಷ ಪಾಠ ಮಾಡಿ ಸಿಡ್ನಿಗೆ ಬಂದವರು. ಇಲ್ಲೇನು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ, ಅವರು ಬಾಯಿ ತೆರೆಯುವ ಮೊದಲೇ ಹೆಂಡತಿ ಸಂಧ್ಯಾರಾಣಿ, “ಲಾಜಿಸ್ಟಿಕ್ಸ್‌ನಾಗ ಮ್ಯಾನೇಜರ್ ಅದಾರ” ಎನ್ನುತ್ತಿದ್ದರು. ಆರು ವರ್ಷ ನಾವೆಲ್ಲ ಅದನ್ನೇ ನಂಬಿಕೊಂಡಿದ್ದೆವು. ಡಾಕ್ಟರು, ಎಂಜಿನಿಯರು, ಪ್ರೊಫೆಸರು ಬಿಟ್ಟು ಬೇರೆ ಕಸುಬಿನವರೂ ನಮ್ಮ ಕನ್ನಡ ಸಂಘದಲ್ಲಿ ಇರಬಹುದೆಂಬ ಅನುಮಾನ ಕಾರ್ಯದರ್ಶಿಯಾದ ನನಗೂ ಬಂದಿರಲಿಲ್ಲ.

ಅಸಲಿಗೆ ಅವರು ಲಾರಿ ಓಡಿಸುತ್ತಿದ್ದರು. ಮನೆ ಕಟ್ಟುವವರಿಗೆ ಇಟ್ಟಿಗೆ, ಹೆಂಚು ಸಾಗಿಸುವ ಕೆಲಸ. ಸ್ಟಿಯರಿಂಗ್ ಪಕ್ಕದಲ್ಲೊಂದು ಟ್ಯಾಬ್ಲೆಟ್. ಎಷ್ಟು ಹೊತ್ತು ದುಡಿದರು, ಎಷ್ಟು ಹೊತ್ತು ಸುಮ್ಮನೆ ಕೂತರು ಎಲ್ಲವೂ ಅದರಲ್ಲಿ ದಾಖಲಾಗುತ್ತದೆ. ಐದೂಕಾಲು ಗಂಟೆ ದುಡಿದ ಮೇಲೆ ಹದಿನೈದು ನಿಮಿಷ ವಿಶ್ರಾಂತಿ ಕಡ್ಡಾಯ, ಅದು ಸರ್ಕಾರದ ನಿಯಮ. ಲೋಡು ಇಳಿಸುವುದೂ ದುಡಿಮೆಯೇ. ನಡುವೆ ಲಾರಿ ಒಂದು ಗೇಣು ಸರಿದರೂ ವಿಶ್ರಾಂತಿ ಮತ್ತೆ ಸೊನ್ನೆಯಿಂದ ಶುರು. ಒಮ್ಮೆ ಯಾರದೋ ಕಾರಿಗೆ ದಾರಿ ಬಿಡಲು ಹೋಗಿ ಶಶಿಧರರು ಎರಡು ಮೀಟರ್ ಸರಿಸಿದ್ದರು. ಕಂಪನಿಯಿಂದ ಎಚ್ಚರಿಕೆಯ ಪತ್ರ ಬಂತು. ಇನ್ನೊಂದು ಸಲ ಹಾಗಾದರೆ ಕೆಲಸ ಹೋದಂತೆಯೇ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಆ ಪತ್ರ ಬಂದ ಮರುತಿಂಗಳ ಒಂದು ಗುರುವಾರ, ಸಿಡ್ನಿಯ ಹೊರವಲಯದ ಸ್ಕೋಫೀಲ್ಡ್ಸ್‌ನಲ್ಲಿ ಡಾಕ್ಟರ್ ಶ್ರೀಪತಿಯವರ ಹೊಸ ಮನೆಯ ಗೃಹಪ್ರವೇಶ. ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಮುಹೂರ್ತ ಮುಗಿಯುವುದಿತ್ತು. ಬಾಡಿಗೆಯ ಹಸು ಟ್ರೇಲರ್‌ನಲ್ಲಿ ಬಂದು ನಿಂತಿತ್ತು. ಸಂಧ್ಯಾರಾಣಿ ಕಳಶ ಹಿಡಿದಿದ್ದರು. ತಮ್ಮ ಯಜಮಾನರು ಮೀಟಿಂಗ್‌ಗೆಂದು ಮೆಲ್ಬರ್ನ್‌ಗೆ ಹೋಗಿದ್ದಾರೆಂದು ಅಷ್ಟರಲ್ಲಿ ಎಲ್ಲರಿಗೂ ಹೇಳಿ ಮುಗಿಸಿದ್ದರು. ಮನೆಯ ಎರಡೂ ಪಕ್ಕ ಕಟ್ಟಡದ ಬೇಲಿ, ಮಣ್ಣಿನ ಗುಡ್ಡೆ. ಇದ್ದ ಒಂದೇ ದಾರಿಗೆ ಅಡ್ಡಲಾಗಿ ಲಾರಿಯೊಂದು ನಿಂತಿತ್ತು. ಪಕ್ಕದ ಸೈಟಿಗೆ ಹೆಂಚು ಇಳಿಸಿದ ಡ್ರೈವರ್, ಹತ್ತು ಗಂಟೆಗೆ ಸರಿಯಾಗಿ ಒಳಗೆ ಹತ್ತಿ, ಎಂಜಿನ್ ಆಫ್ ಮಾಡಿ, ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಕೂತುಬಿಟ್ಟ.

ಶ್ರೀಪತಿಯವರು ಇಂಗ್ಲಿಷಿನಲ್ಲಿ ವಿನಂತಿಸಿದರು. ಪುರೋಹಿತರು ಹಿಂದಿಯಲ್ಲಿ ಗದರಿದರು. ಆಮೇಲೆ ನಾನು ಹೋದೆ, ಸುಮ್ಮನೆ ಹೋಗಲಿಲ್ಲ, ನಮ್ಮ ಸಂಸ್ಕೃತಿಯ ಮೇಲೆ ಒಂದು ಚಿಕ್ಕ ಭಾಷಣವನ್ನೇ ಮಾಡಿದೆ. ಆತ ಟ್ಯಾಬ್ಲೆಟ್ ಕಡೆಗೆ ಬೆರಳಷ್ಟೇ ತೋರಿಸಿದ. ಇಂಥವರಿಗೆ ಬುದ್ಧಿ ಕಡಿಮೆ ಎಂದು ನಾನು ಕನ್ನಡದಲ್ಲಿ, ಗಟ್ಟಿಯಾಗಿಯೇ ಹೇಳಿ ತಿರುಗಿಬಂದೆ. ಕಿಟಕಿ ತೆರೆದೇ ಇತ್ತು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡವರ ಮುಖ ನನ್ನಿಂದ ಮೂರಡಿ ದೂರದಲ್ಲಿತ್ತು. ಕಿತ್ತಳೆ ಬಣ್ಣದ ಕೆಲಸದ ಅಂಗಿ ಹಾಕಿದವರ ಮುಖ ನೋಡುವ ಅಭ್ಯಾಸವೇ ನನಗಿರಲಿಲ್ಲ.

ಆಗ ಶ್ರೀಪತಿಯವರ ಹೆಂಡತಿ ವತ್ಸಲಾಗೆ ಹೊಳೆಯಿತು. “ಸಂಧ್ಯಾ, ನಿಮ್ಮನೆಯವ್ರು ಲಾಜಿಸ್ಟಿಕ್ಸ್ ಅಲ್ವಾ? ನೀವೇ ಹೋಗಿ ಒಂದ್ ಮಾತು ಹೇಳಿ ನೋಡಿ.”

ಸಂಧ್ಯಾರಾಣಿ ಲಾರಿಯ ಮೆಟ್ಟಿಲು ಹತ್ತಿ ಒಳಗೆ ಇಣುಕಿದರು. ಕಳಶದ ನೀರು ತುಳುಕಿತು. ಹಿಂದೆಯೇ ಹೋಗಿದ್ದ ನನಗೆ ಒಳಗಿನ ಮೆಲುದನಿ ಕೇಳಿಸಿತು: “ಡ್ರೈವರ್ ಒಪ್ಪಲಿಲ್ಲ ಅಂತ ಹೇಳಿ ಹೋಗಿಬಿಡು. ಇನ್ನೂ ಒಂಬತ್ತು ನಿಮಿಷ ಐತಿ.”

ಅದು ಶಶಿಧರರ ದನಿ. ಸಂಧ್ಯಾರಾಣಿ ನಮಗೆ ಅಷ್ಟು ಹೇಳಿಬಿಟ್ಟಿದ್ದರೆ ಸಾಕಿತ್ತು, ಮಾನ ಉಳಿಯುತ್ತಿತ್ತು. ಅವರು ಗಂಡನ ಮುಖವನ್ನೇ ನೋಡುತ್ತ ನಿಂತರು. ಮುಂಜಾನೆಯಿಂದ ಏನಾದರೂ ತಿಂದಿರಾ ಎಂದು ಕೇಳಿದರು. ಇಲ್ಲವೆಂದು ಟೋಪಿ ಅಲ್ಲಾಡಿತು.

ಸಂಧ್ಯಾರಾಣಿ ನಮ್ಮ ಕಡೆ ತಿರುಗಿದರು. “ಇವರು ನಮ್ಮ ಮನಿಯವರು. ಲಾರಿ ಓಡಸ್ತಾರ. ಒಂಬತ್ತು ನಿಮಿಷ ಯಾರೂ ಅವರನ್ನ ಏಳಸಬ್ಯಾಡ್ರಿ.”

ಹಾಗೆಂದವರೇ ಸುತ್ತಿಬಂದು, ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಆ ಕಡೆಯ ಬಾಗಿಲಿನಿಂದ ಹತ್ತಿ, ಕಳಶವನ್ನು ತೊಡೆಯ ಮೇಲಿಟ್ಟುಕೊಂಡು ಗಂಡನ ಪಕ್ಕ ಕೂತರು. ಆರು ವರ್ಷದಲ್ಲಿ ಆ ಲಾರಿಯೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲಂತೆ. ಹೊರಗೆ ನಾವು ನಲವತ್ತು ಜನ, ಒಂದು ಹಸು, ಕಾಯುತ್ತ ನಿಂತಿದ್ದೆವು.

ಹತ್ತೂಕಾಲಿಗೆ ಟ್ಯಾಬ್ಲೆಟ್ ಕಿರ್ರೆಂದಿತು, ಲಾರಿ ಹೊರಟಿತು. ಅದರ ಜೊತೆ ಕಳಶವೂ ಹೊರಟುಹೋಯಿತು. ಪುರೋಹಿತರು ಪಂಚೆ ಎತ್ತಿಕಟ್ಟಿ ಲಾರಿಯ ಹಿಂದೆ ಓಡಿದರು. ತಿರುವಿನಲ್ಲಿ ಇಳಿದ ಸಂಧ್ಯಾರಾಣಿ ಅವರಿಗಿಂತ ಜೋರಾಗಿ ಓಡಿಬಂದರು. ಹಸು ಹೊಸಿಲು ದಾಟಿದಾಗ ಮುಹೂರ್ತ ಮುಗಿಯಲು ಇನ್ನೂ ಅರ್ಧ ನಿಮಿಷ ಬಾಕಿಯಿತ್ತು. ಊಟದ ಹೊತ್ತಿನಲ್ಲಿ ಮೆಲ್ಬರ್ನ್ ಮೀಟಿಂಗ್ ಬಗ್ಗೆ ಯಾರೂ ಕೇಳಲಿಲ್ಲ.

ಸಂಜೆ ಅವರ ಮನೆಗೆ ಹೋಗಿ, ನಾನು ಆಡಿದ ಮಾತಿಗೆ ಕ್ಷಮೆ ಕೇಳಿದೆ. ಕೇಳಿಸಿಕೊಂಡೂ ಅಷ್ಟು ತಣ್ಣಗೆ ಹೇಗೆ ಕೂತಿದ್ದಿರಿ ಎಂದೆ. ಗೃಹಪ್ರವೇಶದ ಹೋಳಿಗೆ ಮುರಿಯುತ್ತಿದ್ದ ಶಶಿಧರರು ನಕ್ಕರು.

“ಏನ್ ಮಾಡೂದ್ರಿ, ನಿಮ್ಮ ಮ್ಯಾಲೆ ಸಿಟ್ಟು ಮಾಡ್ಕೊಳ್ಳೂದೂ ಕೆಲಸಾನ. ನಾ ರೆಸ್ಟ್‌ನಾಗ ಇದ್ದೆ.”